ಹಗುರ ಇಟ್ಟಿಗೆಯ ಗೋಡೆಗೆ ಭಾರ ಹೊರಿಸುವುದು ಹೇಗೆ?

ಮನೆ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎರಡು ವರ್ಷದ ಹಿಂದೆ ಶಾಮನೂರು ರಸ್ತೆಯ ಕಡೆ ಮನೆ ಕಟ್ಟಿಸಿದೆವು. ಕಂಬ, ತೊಲೆಗಳು ಕಾಂಕ್ರೀಟಿನವು; ಗೋಡೆಗಳು ಎಎಸಿ ಬ್ಲಾಕಿನವು (ಹಬೆಯಲ್ಲಿ ಬೇಯಿಸಿದ, ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಇಟ್ಟಿಗೆ). ಅಡುಗೆಮನೆಯಲ್ಲಿ ಪಾತ್ರೆಗಳ ಕಪಾಟನ್ನು ಗೋಡೆಗೆ ಕೂರಿಸಿ ಆರು ತಿಂಗಳಾಗುವಷ್ಟರಲ್ಲಿ ಮೇಲಿನ ಎರಡು ಸ್ಕ್ರೂಗಳು ಪ್ಲಗ್ (ತೂತಿನೊಳಗೆ ಸ್ಕ್ರೂ ಹಿಡಿದಿಡುವ ಪ್ಲಾಸ್ಟಿಕ್ ಕೊಳವೆ) ಸಮೇತ ಹೊರಬಂದು ಕಪಾಟು ಮುಂದಕ್ಕೆ ವಾಲಿತು. ಬಡಗಿಯವರು ಇನ್ನೂ ದಪ್ಪದ ಪ್ಲಗ್ ಹಾಕಿದರು, ನಿಲ್ಲಲಿಲ್ಲ. ಆಮೇಲೆ ಕಬ್ಬಿಣದ ಆ್ಯಂಕರ್ ಬೋಲ್ಟ್ ಹಾಕಿ ಬಿಗಿಮಾಡುವಾಗ ಬ್ಲಾಕೇ ಒಡೆದು ಮುಷ್ಟಿ ಗಾತ್ರದ ಗುಂಡಿ ಬಿತ್ತು. ನಮ್ಮ ಗೋಡೆ ಕಳಪೆಯೇ? ಇದಕ್ಕೆ ಏನು ಹಾಕಿದರೆ ನಿಲ್ಲುತ್ತದೆ?
– ಗೃಹಿಣಿ, ದಾವಣಗೆರೆ

ಉತ್ತರ: ನಿಮ್ಮ ಗೋಡೆ ಕಳಪೆಯಲ್ಲ, ಬಡಗಿಯವರು ಕೆಲಸ ಬಾರದವರೂ ಅಲ್ಲ. ಸುಟ್ಟ ಇಟ್ಟಿಗೆಯ ಗೋಡೆಯಲ್ಲಿ ವರ್ಷಾನುಗಟ್ಟಲೆ ಸರಿಯಾಗಿ ನಡೆದುಬಂದ ರೂಢಿಯೊಂದು ಈ ಗೋಡೆಯಲ್ಲಿ ಕೈಕೊಟ್ಟಿದೆ. ಇದೇ ದೂರನ್ನು ಹೊತ್ತ ಪತ್ರಗಳು ಈಚೆಗೆ ಮೇಲಿಂದ ಮೇಲೆ ಬರುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಎಎಸಿ ಬ್ಲಾಕನ್ನು ಹಾರುಬೂದಿ, ಸಿಮೆಂಟ್, ಸುಣ್ಣ, ಜಿಪ್ಸಮ್ ಇವುಗಳನ್ನು ನೀರಿನಲ್ಲಿ ಕಲಸಿ, ಅದಕ್ಕೆ ಚಿಟಿಕೆಯಷ್ಟು ಅಲ್ಯೂಮಿನಿಯಂ ಪುಡಿ ಸೇರಿಸಿ ಮಾಡುತ್ತಾರೆ. ಪುಡಿಯು ಸುಣ್ಣದ ಕ್ಷಾರದೊಂದಿಗೆ ಸೇರಿದಾಗ ಜಲಜನಕದ ಗುಳ್ಳೆಗಳೆದ್ದು, ಹುದುಗು ಬಂದ ಇಡ್ಲಿ ಹಿಟ್ಟಿನಂತೆ ಇಡೀ ಮಿಶ್ರಣ ಉಬ್ಬುತ್ತದೆ. ಉಬ್ಬಿದ ಗಟ್ಟಿಯನ್ನು ತಂತಿಯಿಂದ ಕೊಯ್ದು, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಹಬೆಯಲ್ಲಿ, ಒತ್ತಡದ ಕೊಳವೆಯೊಳಗೆ ಬೇಯಿಸುತ್ತಾರೆ. 1920ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ವಿಧಾನವಿದು. ನಮ್ಮಲ್ಲಿ ಇದಕ್ಕೆ ಐಎಸ್ 2185ರ ಮೂರನೆಯ ಭಾಗದ ಮಾನಕವಿದೆ. ಹೀಗೆ ತಯಾರಾದ ಬ್ಲಾಕಿನ ಗಾತ್ರದಲ್ಲಿ ಮುಕ್ಕಾಲು ಪಾಲಿನಷ್ಟು ಬರೀ ಗಾಳಿ. 600 ಮಿ.ಮೀ. ಉದ್ದ, 200 ಮಿ.ಮೀ. ಎತ್ತರ, 100 ಮಿ.ಮೀ. ದಪ್ಪದ ಒಂದು ಬ್ಲಾಕು ಏಳು ಕಿಲೋ ಆಸುಪಾಸು ತೂಗುತ್ತದೆ; ಅಷ್ಟೇ ಗಾತ್ರದ ಸುಟ್ಟ ಇಟ್ಟಿಗೆಯ ಗೋಡೆಯ ತುಂಡು ಇಪ್ಪತ್ತು ಕಿಲೋ ದಾಟುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೇಲಿಂದ ಸಮನಾಗಿ ಬೀಳುವ ಭಾರವನ್ನು ಹೊರುವುದರಲ್ಲಿ ಈ ಬ್ಲಾಕು ಸಾಧಾರಣ ಇಟ್ಟಿಗೆಗಿಂತ ಬಹಳ ಹಿಂದೇನೂ ಇಲ್ಲ. ಚದರ ಮಿಲಿಮೀಟರಿಗೆ 3ರಿಂದ 4 ನ್ಯೂಟನ್ ತಡೆಯುವ ಬ್ಲಾಕು ಮಾನಕಕ್ಕೆ ಒಪ್ಪುತ್ತದೆ. ಆದರೆ ಭಾರ ಒಂದು ಸಣ್ಣ ಚುಕ್ಕೆಯ ಮೇಲೆ ಒತ್ತಿದರೆ, ಆ ಜಾಗದ ಗುಳ್ಳೆಗಳ ತೆಳು ಗೋಡೆಗಳು ಒಂದೊಂದಾಗಿ ಕುಸಿದು ಹಿಟ್ಟಾಗುತ್ತವೆ. ಹೆಬ್ಬೆರಳಿನ ಉಗುರಿನಿಂದ ಬ್ಲಾಕಿನ ಅಂಚನ್ನು ಗೀರಿ ನೋಡಿ, ಗೆರೆ ಮೂಡುತ್ತದೆ.

ಈಗ ಪ್ಲಗ್ಗಿನ ವಿಚಾರ. ಅಂಗಡಿಯಲ್ಲಿ ನಾವು ಕೇಳುವ ‘ರಾವಲ್ ಪ್ಲಗ್’ ಎಂಬ ಹೆಸರು 1911ರ ಸುಮಾರಿನಲ್ಲಿ ಅದನ್ನು ಲಂಡನ್ನಿನಲ್ಲಿ ರೂಪಿಸಿದ ರಾಲಿಂಗ್ಸ್ ಎಂಬವರಿಂದ ಬಂದದ್ದು. ಈಗ ಎಲ್ಲರೂ ಬಳಸುವ ನೈಲಾನ್ ಪ್ಲಗ್ಗನ್ನು ಜರ್ಮನಿಯ ಆರ್ಥರ್ ಫಿಷರ್ 1958ರಲ್ಲಿ ತಂದರು. ಎರಡರ ತತ್ವವೂ ಒಂದೇ. ಸ್ಕ್ರೂ ಒಳಗೆ ಹೋದಂತೆ ಪ್ಲಗ್ ಅಗಲವಾಗಿ ತೂತಿನ ಗೋಡೆಯನ್ನು ಒತ್ತುತ್ತದೆ, ಆ ಒತ್ತಡದ ತಿಕ್ಕಾಟದಿಂದಲೇ ಅದು ಹಿಡಿದು ನಿಲ್ಲುತ್ತದೆ. ಹಾಗೆ ನಿಲ್ಲಬೇಕಾದರೆ ತೂತಿನ ಗೋಡೆ ತಿರುಗಿ ಒತ್ತುವಷ್ಟು ಗಟ್ಟಿಯಾಗಿರಬೇಕು. ಎಎಸಿ ಬ್ಲಾಕು ತಿರುಗಿ ಒತ್ತುವುದಿಲ್ಲ, ಜಾಗ ಬಿಟ್ಟುಕೊಡುತ್ತದೆ. ಕಬ್ಬಿಣದ ಆ್ಯಂಕರ್ ಬೋಲ್ಟು ಇನ್ನೂ ಜೋರಾಗಿ ಅಗಲಿಸುವ ಸಾಧನವಾದ್ದರಿಂದ ನಿಮ್ಮ ಬ್ಲಾಕನ್ನು ಒಳಗಿಂದಲೇ ಸೀಳಿದೆ. ಅದು ಕಾಂಕ್ರೀಟಿಗೆಂದೇ ಮಾಡಿದ ಬೋಲ್ಟು. ಹಗುರ ಇಟ್ಟಿಗೆಯಲ್ಲಿ ಅದನ್ನು ಯಾವ ಕಾರಣಕ್ಕೂ ಬಳಸಬಾರದು.

ಎರಡನೆಯ ತಪ್ಪು ಡ್ರಿಲ್ ಮೆಷಿನ್ನಿನದು, ಮತ್ತು ನನ್ನ ಅನುಭವದಲ್ಲಿ ಹೆಚ್ಚು ಹಾನಿ ಮಾಡುವುದು ಇದೇ. ತಂಗಿಯ ಮನೆಯಲ್ಲಿ ನಾನೇ ಹಾಕಿಸಿದ ಪುಸ್ತಕದ ಹಲಗೆಯೊಂದು ಬಿದ್ದ ಮೇಲೆ, ಕಟ್ಟಡದ ಕೆಲಸದಲ್ಲಿ ಉಳಿದಿದ್ದ ಬ್ಲಾಕೊಂದನ್ನು ಹಿತ್ತಲಿನಲ್ಲಿಟ್ಟು ಅದರಲ್ಲಿ 8 ಮಿ.ಮೀ. ಡ್ರಿಲ್ ಬಿಟ್ಟಿನಿಂದ (ಕೊರೆಯುವ ಮೊನೆಯಿಂದ) ಎರಡು ತೂತು ಕೊರೆದೆ. ಒಂದನ್ನು ಮೆಷಿನ್ನಿನ ಹ್ಯಾಮರ್ (ತಿರುಗುತ್ತಲೇ ಕುಟ್ಟುವ ವ್ಯವಸ್ಥೆ) ಹಾಕಿ, ಇನ್ನೊಂದನ್ನು ಹ್ಯಾಮರ್ ಬಂದ್ ಮಾಡಿ ಬರೀ ತಿರುಗಿಸಿ. ಆಮೇಲೆ ಮರ ಕೊಯ್ಯುವ ಗರಗಸದಿಂದಲೇ ಬ್ಲಾಕನ್ನು ತೂತುಗಳ ನಡುವಿಗೆ ಸೀಳಿ ನೋಡಿದೆ. ತಿರುಗಿಸಿ ಕೊರೆದ ತೂತು ಬೆಣ್ಣೆಯಲ್ಲಿ ಕಡ್ಡಿ ಚುಚ್ಚಿ ತೆಗೆದಂತೆ ನೆಟ್ಟಗೆ, ನುಣುಪಾಗಿತ್ತು. ಹ್ಯಾಮರ್ ಹಾಕಿದ ತೂತು ಬಾಯಿಯಲ್ಲಿ ಕಹಳೆಯಂತೆ ಅಗಲವಾಗಿ, ಒಳಬದಿ ಉದುರಿ, ಬೆರಳಿಟ್ಟರೆ ಇನ್ನೂ ಪುಡಿ ಬರುತ್ತಿತ್ತು. ಆ ತೂತಿಗೆ 8 ಮಿ.ಮೀ. ಪ್ಲಗ್ ಕೈಯಿಂದಲೇ ಸಲೀಸಾಗಿ ಜಾರಿ ಹೋಯಿತು. ಕೈಯಿಂದ ಜಾರಿ ಹೋಗುವ ಪ್ಲಗ್ ಕೈಯಿಂದಲೇ ಹೊರಗೂ ಬರುತ್ತದೆ.

ಆದ್ದರಿಂದ ಮೆಷಿನ್ನಿನ ಗುಂಡಿಯನ್ನು ಬರೀ ಡ್ರಿಲ್ಲಿನ ಗುರುತಿಗೆ ತಿರುಗಿಸಿ, ಮೇಲಿನ ಗಿಲಾವಿಗೂ ಹ್ಯಾಮರ್ ಬಳಸದೆ, ಮೊನಚು ಬಿಟ್ಟಿನಿಂದ ನಿಧಾನವಾಗಿ ಕೊರೆಯಿಸಿ. ತೂತಿನೊಳಗಿನ ಪುಡಿಯನ್ನು ಸೈಕಲ್ ಪಂಪಿನಿಂದಾದರೂ ಊದಿ ತೆಗೆಯಲೇಬೇಕು, ಏಕೆಂದರೆ ಪುಡಿಯ ಮೇಲೆ ಕುಳಿತ ಪ್ಲಗ್ ರಾಗಿಯ ಮೇಲೆ ಕಾಲಿಟ್ಟಂತೆ ಜಾರುತ್ತದೆ. ಕೊರೆಯುವಾಗ ಕೆಳಗೊಂದು ಹಳೆಯ ಪತ್ರಿಕೆ ಹಿಡಿದರೆ ಬೀಳುವ ಪುಡಿಯೇ ಗೋಡೆಯ ಜಾತಕ ಹೇಳುತ್ತದೆ: ಮೊದಲು ಗಿಲಾವಿನ ಮರಳು ಮರಳಾದ ಬೂದು ಪುಡಿ, ನಂತರ ಎಎಸಿಯಾದರೆ ಮೈದಾಹಿಟ್ಟಿನಷ್ಟು ನಯವಾದ ತಿಳಿಬೂದು ಪುಡಿ, ಸುಟ್ಟ ಇಟ್ಟಿಗೆಯಾದರೆ ಕೆಂಪು. ಡ್ರಿಲ್ ಬಿಟ್ಟು ಫಕ್ಕನೆ ಒಳಕ್ಕೆ ನುಗ್ಗಿದರೆ ಅದು ಒಳಗೆ ಟೊಳ್ಳಿರುವ ಹಾಲೋ ಬ್ಲಾಕು.

ಈ ಬ್ಲಾಕಿಗೆಂದೇ ಮಾಡಿದ ಪ್ಲಗ್ಗುಗಳಿವೆ. ಅವುಗಳ ಮೈಮೇಲೆ ಸುರುಳಿಯಾಗಿ ಅಗಲವಾದ ರೆಕ್ಕೆಗಳಿರುತ್ತವೆ. ಸುತ್ತಿಗೆಯಿಂದ ಹೊಡೆದಾಗಲೋ ಸ್ಕ್ರೂನಂತೆ ತಿರುಗಿಸಿದಾಗಲೋ ಆ ರೆಕ್ಕೆಗಳು ಬ್ಲಾಕಿನ ಮೈಯನ್ನು ಕೊರೆದುಕೊಂಡು ಕೂರುತ್ತವೆ. ಅವು ಅಗಲಿಸಿ ಒತ್ತುವುದನ್ನು ನಂಬಿಲ್ಲ. ಹೆಚ್ಚು ಜಾಗದಲ್ಲಿ ಕಚ್ಚಿಕೊಳ್ಳುವುದನ್ನು ನಂಬಿವೆ. ಮೃದು ಗೋಡೆಗೆ ಬೇಕಾದ ಗುಣ ಅದೇ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಎಎಸಿ ಬ್ಲಾಕಿಗೆ ಹಾಕುವ ಪ್ಲಗ್’ ಎಂದೇ ಕೇಳಿ, ಪೊಟ್ಟಣದ ಮೇಲೆ ಹಾಗೆ ಬರೆದಿದೆಯೇ ನೋಡಿ. ಸಿಗದಿದ್ದರೆ 80ರಿಂದ 100 ಮಿ.ಮೀ. ಉದ್ದದ ಫ್ರೇಮ್ ಪ್ಲಗ್ಗನ್ನು (ಚೌಕಟ್ಟು ಕೂರಿಸಲು ಬಳಸುವ ಉದ್ದನೆಯ ಪ್ಲಗ್) ಬಿಟ್ಟಿನ ಅಳತೆ ಒಂದು ಮಿ.ಮೀ. ಕಡಿಮೆ ಮಾಡಿ ಹೊಡೆದು ಕೂರಿಸುವುದು ಎರಡನೆಯ ದಾರಿ. ಗೋಡೆ ನಾಲ್ಕಿಂಚಿನದಾದರೆ ಮಾತ್ರ ತೂತು ಆಚೆ ಬದಿಗೆ ತೂರದಂತೆ ಉದ್ದವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಉದ್ದದ ಮಾತು ಬಂದದ್ದರಿಂದ ಹೇಳುತ್ತೇನೆ: ಪ್ಲಗ್ಗಿನ ಉದ್ದವನ್ನು ಗೋಡೆಯ ಮೇಲ್ಮೈಯಿಂದ ಅಳೆಯಬಾರದು, ಬ್ಲಾಕಿನ ಮೈಯಿಂದ ಅಳೆಯಬೇಕು. ಒಳಗಿನ ಗಿಲಾವು ಸಾಮಾನ್ಯವಾಗಿ 12 ಮಿ.ಮೀ. ದಪ್ಪ, ಅಡುಗೆಮನೆಯಲ್ಲಿ ಅದರ ಮೇಲೆ ಟೈಲು ಮತ್ತು ಟೈಲಿನ ಗಾರೆ ಸೇರಿದರೆ ಸುಲಭವಾಗಿ 30 ಮಿ.ಮೀ. ಆಗುತ್ತದೆ. ಎಲ್ಲರೂ ತರುವ 40 ಮಿ.ಮೀ. ಪ್ಲಗ್ ಅಲ್ಲಿ ಬ್ಲಾಕಿನೊಳಕ್ಕೆ ಹೋಗುವುದು ಬೆರಳಿನ ಉಗುರಿನಷ್ಟು ಮಾತ್ರ. ಸ್ಕ್ರೂ ಕೂಡ ಪ್ಲಗ್ಗಿಗೆ ತಕ್ಕದ್ದಾಗಿರಬೇಕು. ಅಂಗಡಿಯವರು 35–8 ಎಂದು ಕೊಡುವ ಸ್ಕ್ರೂವಿನಲ್ಲಿ 35 ಎಂಬುದು ಉದ್ದ, 8 ಎಂಬುದು ದಪ್ಪದ ನಂಬರು. ಆ ನಂಬರಿನ ದಪ್ಪ ಸುಮಾರು 4.2 ಮಿ.ಮೀ. ಮಾತ್ರ. ಅದು 6 ಮಿ.ಮೀ. ಪ್ಲಗ್ಗಿಗೆ ಸರಿ, 8 ಮಿ.ಮೀ. ಪ್ಲಗ್ಗಿಗೆ 10ನೇ ನಂಬರೋ ಅದಕ್ಕಿಂತ ದಪ್ಪದ್ದೋ ಬೇಕು. ನಿಮ್ಮ ಬಡಗಿಯವರು ಪ್ಲಗ್ಗನ್ನು ದಪ್ಪ ಮಾಡಿ ಹಳೆಯ ಸ್ಕ್ರೂವನ್ನೇ ತಿರುಗಿಸಿದ್ದರೆ ಅದು ನಿಲ್ಲದಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇನ್ನು ಕಪಾಟಿನ ಲೆಕ್ಕ. ಕಪಾಟು ಗೋಡೆಯಿಂದ 30 ಸೆಂ.ಮೀ. ಮುಂದಕ್ಕೆ ಚಾಚಿದೆ, 70 ಸೆಂ.ಮೀ. ಎತ್ತರವಿದೆ, ಸ್ಟೀಲು ಪಾತ್ರೆ, ಡಬ್ಬಿಗಳೆಲ್ಲ ಸೇರಿ 60 ಕಿಲೋ ಎಂದುಕೊಳ್ಳೋಣ. ಭಾರದ ಕೇಂದ್ರ ಗೋಡೆಯಿಂದ 15 ಸೆಂ.ಮೀ. ದೂರದಲ್ಲಿರುವುದರಿಂದ, ಕಪಾಟು ಕೆಳ ಅಂಚಿನ ಮೇಲೆ ಮುಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ಮೇಲಿನ ಸ್ಕ್ರೂಗಳು 60ನ್ನು 15ರಿಂದ ಗುಣಿಸಿ 70ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 13 ಕಿಲೋ ಎಳೆತವನ್ನು ಹಗಲಿರುಳು ಹಿಡಿದಿರಬೇಕು. ಇದರ ಮೇಲೆ ಕೆಳಮುಖದ 60 ಕಿಲೋ ಬೇರೆ. ಬಾಗಿಲು ತೆರೆದು ಮುಚ್ಚುವ ಪ್ರತಿಯೊಂದು ಅಲುಗಾಟವೂ ಸಡಿಲವಾದ ಪ್ಲಗ್ಗಿನ ಸುತ್ತ ಒಂದಿಷ್ಟು ಹಿಟ್ಟು ಮಾಡುತ್ತ ಹೋಗುತ್ತದೆ. ಮೊದಲ ದಿನ ಗಟ್ಟಿಯಾಗಿ ಕಂಡದ್ದು ಆರು ತಿಂಗಳಿಗೆ ಬಿದ್ದದ್ದು ಹೀಗೆ. ಟಿ.ವಿ. ಹಾಕುವವರೂ ಈ ಲೆಕ್ಕ ಮಾಡಿಕೊಳ್ಳಲಿ. 12 ಕಿಲೋ ಟಿ.ವಿ. ಗೋಡೆಗೆ ಅಂಟಿದಂತೆ 5 ಸೆಂ.ಮೀ. ದೂರದಲ್ಲಿದ್ದು, ಪಟ್ಟಿಯ ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವೆ 20 ಸೆಂ.ಮೀ. ಅಂತರವಿದ್ದರೆ ಎಳೆತ 3 ಕಿಲೋ, ಅದೇ ಟಿ.ವಿ.ಯನ್ನು ಮುಂದಕ್ಕೆ ಎಳೆಯುವ ತೋಳಿಗೆ ಹಾಕಿ 40 ಸೆಂ.ಮೀ. ಚಾಚಿದರೆ 24 ಕಿಲೋ. ಹಗುರ ಇಟ್ಟಿಗೆಯ ಗೋಡೆಗೆ ಚಾಚುವ ತೋಳು ಬೇಡವೆಂದೇ ನನ್ನ ಸಲಹೆ.

ನಿಮ್ಮ ಕಪಾಟಿಗೆ ನಾನು ಹೀಗೆ ಮಾಡಿಸುತ್ತೇನೆ. ಒಡೆದ ಗುಂಡಿಯ ಸುತ್ತ ಒಂದು ಗೇಣು ಜಾಗ ಬಿಟ್ಟುಬಿಡಿ, ಅಲ್ಲಿ ಮತ್ತೆ ಏನನ್ನೂ ಹೊಡೆಯಬೇಡಿ. ಗುಂಡಿಯನ್ನು ನೀರು ಚಿಮುಕಿಸಿ ನೆನೆಸಿ, ಬ್ಲಾಕು ಕಟ್ಟಲು ಬಳಸುವ ಅಂಟುಗಾರೆಯಿಂದಲೇ ತುಂಬಿಸಿ. ಒಣ ಬ್ಲಾಕು ನೀರನ್ನು ಹೀರಿಕೊಂಡುಬಿಡುವುದರಿಂದ ನೆನೆಸದೆ ತುಂಬಿದ ಸಿಮೆಂಟು ಗಟ್ಟಿಯಾಗದೆ ಪುಡಿಯಾಗಿಯೇ ಉಳಿಯುತ್ತದೆ. ನಂತರ ಕಪಾಟಿನ ಪೂರ್ತಿ ಉದ್ದಕ್ಕೆ ಒಂದು ಉಕ್ಕಿನ ಪಟ್ಟಿಯನ್ನು ಗೋಡೆಗೆ ಅಡ್ಡಲಾಗಿ ಕೂರಿಸಿ. ಅಡುಗೆಮನೆಯ ಮೂಲೆಯಲ್ಲಿ ಕಾಂಕ್ರೀಟ್ ಕಂಬವಿದ್ದರೆ ಪಟ್ಟಿಯ ಒಂದು ತುದಿಯನ್ನು ಕಂಬದವರೆಗೆ ಒಯ್ದು ಅಲ್ಲಿ ಆ್ಯಂಕರ್ ಬೋಲ್ಟ್ ಹಾಕಿಸಿ. ಆ ಬೋಲ್ಟಿಗೆ ಅದೇ ಸರಿಯಾದ ಜಾಗ. ಉಳಿದ ಉದ್ದಕ್ಕೆ ಬ್ಲಾಕುಗಳ ನಡುಭಾಗದಲ್ಲಿ, ಸಂದು ಮತ್ತು ಅಂಚುಗಳಿಂದ ದೂರದಲ್ಲಿ, ನಾಲ್ಕೈದು ಕಡೆ ಕೆಮಿಕಲ್ ಆ್ಯಂಕರ್ ಹಾಕಿಸಿ. ಕಪಾಟು ಈ ಪಟ್ಟಿಗೆ ತೂಗಲಿ, ಅದರ ಕೆಳ ಅಂಚಿಗೆ ಇನ್ನೊಂದು ಪಟ್ಟಿ ಆಸರೆಯಾಗಲಿ.

ಕೆಮಿಕಲ್ ಆ್ಯಂಕರ್ ಎಂದರೆ ಎರಡು ದ್ರವಗಳು ಕೊಳವೆಯ ಮೂತಿಯಲ್ಲಿ ಬೆರೆತು ತೂತಿನೊಳಗೆ ಕಲ್ಲಿನಂತಾಗುವ ಅಂಟು. ಅದು ಗುಳ್ಳೆಗಳೊಳಕ್ಕೆ ಇಳಿದು ಹಿಡಿಯುವುದರಿಂದ ಬ್ಲಾಕನ್ನು ಸೀಳುವ ಒತ್ತಡವೇ ಇರುವುದಿಲ್ಲ. ಮೂತಿಯಿಂದ ಮೊದಲು ಬರುವ ಸ್ವಲ್ಪ ಭಾಗದಲ್ಲಿ ಎರಡು ಬಣ್ಣಗಳು ಬೇರೆ ಬೇರೆಯಾಗಿ ಕಾಣುತ್ತವೆ. ಬಣ್ಣ ಒಂದಾಗುವವರೆಗೆ ಅದನ್ನು ಹೊರಗೆ ಚೆಲ್ಲಬೇಕು. ತೂತಿನ ಆಳದಿಂದ ತುಂಬುತ್ತ ಹೊರಬರಬೇಕು, ಮರೆಯಿರುವ (ಸ್ಕ್ರೂನಂತೆ ಸುರುಳಿ ಗೆರೆಯಿರುವ) ಸರಳನ್ನು ತಿರುಗಿಸುತ್ತ ಒಳಕ್ಕೆ ಒತ್ತಬೇಕು, ಕೊಳವೆಯ ಮೇಲೆ ಬರೆದಷ್ಟು ಹೊತ್ತು ಮುಟ್ಟದೆ ಬಿಡಬೇಕು. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಅದು ಬೇಗ ಗಟ್ಟಿಯಾಗುತ್ತದೆ, ಆದ್ದರಿಂದ ಎಲ್ಲ ತೂತುಗಳನ್ನೂ ಕೊರೆದು ಊದಿ ಸಿದ್ಧಮಾಡಿಕೊಂಡ ಮೇಲೆಯೇ ಕೊಳವೆಯನ್ನು ತೆರೆಯುವುದು ಒಳ್ಳೆಯದು. ಬೆಲೆ ಹೆಚ್ಚು, ನಿಜ. ಆದರೆ ಒಲೆಯ ಮುಂದೆ ನಿಂತವರ ತಲೆಯ ಮೇಲೆ ತೂಗುವ ವಸ್ತುವಿನಲ್ಲಿ ಆ ಉಳಿತಾಯ ಬೇಡ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಸ್ನಾನದ ಮನೆಯಲ್ಲಿ 25 ಲೀಟರಿನ ಗೀಸರ್ ಹಾಕಿಸಬೇಕು. ಗೋಡೆ ನಾಲ್ಕಿಂಚಿನ ಎಎಸಿ ಬ್ಲಾಕಿನದು, ಆಚೆ ಬದಿ ಮಲಗುವ ಕೋಣೆ. ಗೀಸರಿನ ಜೊತೆ ಬಂದ ಎರಡು ಬೋಲ್ಟುಗಳನ್ನೇ ಹೊಡೆಯುತ್ತೇವೆ ಎನ್ನುತ್ತಾರೆ ಜೋಡಿಸಲು ಬಂದವರು. ಒಪ್ಪಬಹುದೇ?
– ನಿವೃತ್ತ ಶಿಕ್ಷಕರು, ನಿಟ್ಟುವಳ್ಳಿ

ಉತ್ತರ: ದಯವಿಟ್ಟು ಒಪ್ಪಬೇಡಿ, ಸರ್. ನೀರು ತುಂಬಿದ ಗೀಸರ್ ಸುಮಾರು 35 ಕಿಲೋ ತೂಗುತ್ತದೆ, ಅದರ ಕೆಳಗೆ ಮೈಮೇಲೆ ಬಟ್ಟೆಯಿಲ್ಲದೆ ನಿಂತವರಿರುತ್ತಾರೆ, ಒಳಗೆ ಮೈ ಸುಡುವಷ್ಟು ಬಿಸಿ ನೀರಿರುತ್ತದೆ. ಜೊತೆಯಲ್ಲಿ ಬರುವ ಬೋಲ್ಟುಗಳು ಸಾಮಾನ್ಯವಾಗಿ ಗಟ್ಟಿ ಗೋಡೆಗೆ ಹೊಂದುವ ಅಗಲಿಸುವ ಜಾತಿಯವು. ನಾಲ್ಕಿಂಚಿನ ಹಗುರ ಗೋಡೆಯಲ್ಲಿ ನಂಬಬಹುದಾದ ಏರ್ಪಾಡು ಒಂದೇ: ಗೋಡೆಯನ್ನು ಪೂರ್ತಿ ತೂರಿಸಿ 10 ಮಿ.ಮೀ. ದಪ್ಪದ, ತುಕ್ಕು ಹಿಡಿಯದ ಮರೆಯ ಸರಳನ್ನು ಹಾಯಿಸಿ, ಮಲಗುವ ಕೋಣೆಯ ಬದಿಯಲ್ಲಿ ಅಂಗೈ ಅಗಲದ, 5 ಮಿ.ಮೀ. ದಪ್ಪದ ಉಕ್ಕಿನ ತಗಡಿಟ್ಟು ನಟ್ಟು ಬಿಗಿಮಾಡುವುದು. ಆಗ ಎಳೆತವೆಲ್ಲ ಅಂಗೈ ಅಗಲಕ್ಕೆ ಹಂಚಿಹೋಗುತ್ತದೆ, ಬ್ಲಾಕು ಅದನ್ನು ನಿರಾಯಾಸವಾಗಿ ತಡೆಯುತ್ತದೆ. ಎರಡು ಬೋಲ್ಟಿಗೂ ಸೇರಿ ಒಂದೇ ಉದ್ದನೆಯ ತಗಡಾದರೆ ಇನ್ನೂ ಮೇಲು. ತಗಡು ಕೂರುವಷ್ಟು ಗಿಲಾವನ್ನು ಕೆತ್ತಿ, ಮೇಲೆ ಪುಟ್ಟಿ ಹಚ್ಚಿ ಬಣ್ಣ ಬಳಿದರೆ ಕಣ್ಣಿಗೂ ಬೀಳುವುದಿಲ್ಲ. ನಟ್ಟನ್ನು ಮೈಬಲವೆಲ್ಲ ಹಾಕಿ ತಿರುಗಿಸಬಾರದು. ತಗಡು ಗೋಡೆಗೆ ಕಚ್ಚಿ ಅಲುಗದಂತಾದರೆ ಸಾಕು, ಅದರಾಚೆಗೆ ತಿರುಗಿಸಿದರೆ ಬ್ಲಾಕು ನಜ್ಜುಗುಜ್ಜಾಗುತ್ತದೆ.

ಕೊರೆಯುವ ಮೊದಲು ಆಚೆ ಬದಿಯಲ್ಲಿ ಸ್ವಿಚ್ ಬೋರ್ಡ್ ಎಲ್ಲಿದೆ ನೋಡಿ, ಅದರ ನೇರ ಮೇಲಿನ ಮತ್ತು ಕೆಳಗಿನ ಗೆರೆಯನ್ನು ಬಿಡಿ. ವೈರಿನ ಪೈಪು ಸಾಮಾನ್ಯವಾಗಿ ಆ ಗೆರೆಯಲ್ಲೇ ಹೋಗಿರುತ್ತದೆ. ನೀರಿನ ಪೈಪುಗಳ ಫೋಟೊ ಟೈಲು ಹಾಕುವ ಮೊದಲೇ ತೆಗೆದಿಟ್ಟಿದ್ದರೆ ಅದನ್ನು ಹುಡುಕಿ ಎದುರಿಗಿಟ್ಟುಕೊಳ್ಳಿ. ಸ್ನಾನದ ಮನೆಯ ಬೇರೊಂದು ಗೋಡೆಯಲ್ಲಿ ಕಾಂಕ್ರೀಟ್ ಕಂಬ ಸಿಗುವುದಾದರೆ ಗೀಸರನ್ನು ಅಲ್ಲಿಗೇ ಒಯ್ಯಿರಿ. ಆಗ ಜೊತೆಯಲ್ಲಿ ಬಂದ ಬೋಲ್ಟುಗಳೇ ಸಾಕು. ಎ.ಸಿ.ಯ ಹೊರಗಿನ ಪೆಟ್ಟಿಗೆಗೂ ಇದೇ ಮಾತು, ಅದು ನಡುಗುತ್ತಲೇ ಇರುವ ವಸ್ತುವಾದ್ದರಿಂದ ಇನ್ನೂ ಹೆಚ್ಚಾಗಿ.

ಪ್ರಶ್ನೆ: ಕಿಟಕಿಯ ಮೇಲೆ ಪರದೆಯ ಸರಳು ಹಾಕಲು ಹೋದರೆ ಬಿಟ್ಟು ಅರ್ಧ ಇಂಚು ಇಳಿದು ನಿಂತುಬಿಡುತ್ತದೆ. ಎಎಸಿ ಗೋಡೆ ಮೃದು ಎನ್ನುತ್ತಾರಲ್ಲ?
– ವಿದ್ಯಾರ್ಥಿನಿ, ಹರಿಹರ

ಉತ್ತರ: ನೀವು ಕೊರೆಯುತ್ತಿರುವುದು ಬ್ಲಾಕನ್ನಲ್ಲ, ಕಿಟಕಿಯ ಮೇಲಿನ ಲಿಂಟಲ್ಲನ್ನು. ಅದು ಕಾಂಕ್ರೀಟು. ಅಲ್ಲಿ ಹ್ಯಾಮರ್ ಹಾಕಿಯೇ ಕೊರೆಯಬೇಕು, 6 ಮಿ.ಮೀ.ನ ಸಾಧಾರಣ ಪ್ಲಗ್ ಚೆನ್ನಾಗಿ ನಿಲ್ಲುತ್ತದೆ. ಸರಳಿನ ತುದಿಗಳು ಕಿಟಕಿಯ ಅಂಚಿನಿಂದ ಬಹಳ ದೂರ ಹೋಗದಂತೆ ನೋಡಿಕೊಂಡರೆ ಎರಡೂ ಕೊಕ್ಕೆಗಳು ಲಿಂಟಲ್ಲಿನಲ್ಲೇ ಕೂರುತ್ತವೆ.

ಪ್ರಶ್ನೆ: ಚಿತ್ರದುರ್ಗದಲ್ಲಿ ಕೋಟೆಯ ಕೆಳಗಿನ ಹಳೇ ಪೇಟೆಯಲ್ಲಿ ನಮ್ಮ ಅಜ್ಜನ ಕಾಲದ ಮನೆಯಿದೆ. ಗೋಡೆ ಎರಡು ಅಡಿ ದಪ್ಪ, ಮಣ್ಣು ಮತ್ತು ಹಸಿ ಇಟ್ಟಿಗೆಯದು. ಹಿರಿಯರ ದೊಡ್ಡ ಫೋಟೊಗಳನ್ನೂ ಒಂದು ಪುಸ್ತಕದ ಹಲಗೆಯನ್ನೂ ಹಾಕಬೇಕು. ಮೊಳೆ ಹೊಡೆದರೆ ಮಣ್ಣು ಉದುರುತ್ತದೆ, ಪ್ಲಗ್ ನಿಲ್ಲುವುದಿಲ್ಲ. ಸಿಮೆಂಟ್ ಗಿಲಾವು ಮಾಡಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ ಮೇಸ್ತ್ರಿ.
– ಓದುಗರು, ಚಿತ್ರದುರ್ಗ

ಉತ್ತರ: ಸಿಮೆಂಟ್ ಗಿಲಾವು ಬೇಡವೇ ಬೇಡ. ಮಣ್ಣಿನ ಗೋಡೆ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚಿದರೆ ತೇವ ಹಿಂದೆಯೇ ನಿಂತು ಮಣ್ಣನ್ನು ಮೆತ್ತಗೆ ಮಾಡುತ್ತದೆ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಗಿಲಾವು ಹಪ್ಪಳದಂತೆ ಬಿಟ್ಟುಕೊಳ್ಳುತ್ತದೆ. ಅಂಥ ಗಿಲಾವಿಗೆ ಹೊಡೆದ ಮೊಳೆ ಯಾವ ಭಾರವನ್ನೂ ಹೊರದು.

ಇಂಥ ಗೋಡೆಗೆ ಏನು ಹಾಕಬೇಕೆಂಬುದನ್ನು ಆ ಮನೆ ಕಟ್ಟಿದವರೇ ತೋರಿಸಿಕೊಟ್ಟಿದ್ದಾರೆ. ಪಡಸಾಲೆಯ ಗೋಡೆಯಲ್ಲಿ ಅಂಗಿ, ರುಮಾಲು ತೂಗುಹಾಕುವ ಮರದ ಗೂಟಗಳು ಇನ್ನೂ ಇದ್ದರೆ ಒಂದನ್ನು ಹಿಡಿದು ಅಲುಗಿಸಿ ನೋಡಿ. ಗೋಡೆ ಏಳುವಾಗಲೇ ಆಳವಾಗಿ ಕಟ್ಟಿದ ಗೂಟ ಎರಡು ತಲೆಮಾರು ಕಳೆದರೂ ಕದಲುವುದಿಲ್ಲ, ಏಕೆಂದರೆ ಅದರ ಮೈ ದಪ್ಪ, ಉದ್ದ ಹೆಚ್ಚು, ಹಿಡಿತ ಗೇಣುದ್ದಕ್ಕೆ ಹರಡಿದೆ. ಎಎಸಿ ಬ್ಲಾಕಿಗೆ ರೆಕ್ಕೆಯ ಪ್ಲಗ್ ಮಾಡಿದವರು ಹಿಡಿದ ದಾರಿಯೂ ಇದೇ.

ಹೊಸದಾಗಿ ಕೂರಿಸುವುದಾದರೆ, ಜಾಲಿ ಅಥವಾ ತೇಗದ ಗಟ್ಟಿ ಮರದಿಂದ ಐದಾರು ಇಂಚು ಉದ್ದದ ಗುಟ್ಕಾ (ಮರದ ತುಂಡು) ಮಾಡಿಸಿ, ಒಳಗೆ ಹೋಗುವ ತುದಿ ಹೊರಗಿನ ತುದಿಗಿಂತ ಸ್ವಲ್ಪ ಅಗಲವಾಗಿರಲಿ. ಗೆದ್ದಲಿನ ಔಷಧಿ ಹಚ್ಚಿ ಒಣಗಿಸಿ. ಗೋಡೆಯನ್ನು ಮೆಷಿನ್ನಿನಿಂದ ಕೊರೆಯದೆ, ಉಳಿ ಹಿಡಿದು ಕೈಯಿಂದಲೇ ನಿಧಾನವಾಗಿ ಗೂಡು ತೆಗೆದು, ಒಳಗೆ ನೀರು ಚಿಮುಕಿಸಿ, ಸುಣ್ಣ ಮತ್ತು ಮರಳಿನ ಗಾರೆಯಲ್ಲಿ ಗುಟ್ಕಾವನ್ನು ಕೂರಿಸಿ, ಸಂದುಗಳಿಗೆ ಹೆಂಚಿನ ಚೂರು ಒತ್ತಿ ಬಿಗಿಮಾಡಿ. ಸುಣ್ಣ ಗಟ್ಟಿಯಾಗಲು ಸಿಮೆಂಟಿಗಿಂತ ಹೆಚ್ಚು ಸಮಯ ಬೇಕು. ಮೂರು ನಾಲ್ಕು ವಾರ ತಾಳ್ಮೆಯಿಂದ ಬಿಟ್ಟು ಆಮೇಲೆ ಗುಟ್ಕಾಗೆ ಸ್ಕ್ರೂ ತಿರುಗಿಸಿದರೆ ಫೋಟೊಗಳು ನಿಶ್ಚಿಂತೆಯಿಂದ ನಿಲ್ಲುತ್ತವೆ.

ಪುಸ್ತಕದ ಹಲಗೆಯ ಭಾರವನ್ನು ಮಾತ್ರ ಮಣ್ಣಿನ ಗೋಡೆಗೆ ಹೊರಿಸಬೇಡಿ. ಒಂದಡಿ ಅಗಲದ ಸಾಲು ಪುಸ್ತಕವೇ ಹತ್ತು ಕಿಲೋ ಆಸುಪಾಸು ಬರುತ್ತದೆ. ಹಲಗೆಗಳಿಗೆ ನೆಲದಿಂದಲೇ ಎರಡು ಮರದ ಕಾಲು ಕೊಟ್ಟು ನಿಲ್ಲಿಸಿ, ಅದು ಮುಂದಕ್ಕೆ ಬಾಗದಂತೆ ಮೇಲ್ಗಡೆ ಒಂದು ಗುಟ್ಕಾಗೆ ಕಟ್ಟಿದರೆ ಸಾಕು. ಹಿಂದೆ ಬೆಣ್ಣೆ, ಹಾಲಿನ ಗಡಿಗೆಗಳನ್ನಿಡುವ ಹಗ್ಗದ ತೂಗುಬಲೆಯನ್ನು (ನೆಲವು) ತೊಲೆಗೆ ಇಳಿಬಿಡುತ್ತಿದ್ದರಲ್ಲ, ಆ ಕಬ್ಬಿಣದ ಕೊಂಡಿಗಳು ನಿಮ್ಮ ಮನೆಯ ತೊಲೆಯಲ್ಲಿ ಇನ್ನೂ ಉಳಿದಿರಬಹುದು. ತೊಲೆಗೆ ಗೆದ್ದಲು ಹಿಡಿದಿಲ್ಲವೆಂದು ಬಡಗಿಯಿಂದ ತಟ್ಟಿ ನೋಡಿಸಿದ ಮೇಲೆ, ಹಿರಿಯರ ಫೋಟೊಗಳಲ್ಲಿ ತೀರ ಭಾರವಾದವನ್ನು ಆ ಕೊಂಡಿಗಳಿಂದಲೇ ತಂತಿ ಇಳಿಬಿಟ್ಟು ಗೋಡೆಗೆ ಒರಗಿಸಬಹುದು. ಆಗ ಗೋಡೆಗೆ ಒಂದು ತೂತೂ ಬೀಳುವುದಿಲ್ಲ.